ಅಮ್ಮ ಮೊದಲು ದಿಂಬು ಮೂಸುತ್ತಾಳೆ

ಶ್ರೀಲಂಕಾದಲ್ಲಿ ಯಾವ ರೂಮಿಗೆ ಹೋದರೂ ಅಮ್ಮ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸೀದಾ ಮಂಚದ ಹತ್ತಿರ ಹೋಗಿ, ದಿಂಬು ಎತ್ತಿ ಮೂಸುವುದು. ರೂಮು ತೋರಿಸೋಕೆ ಬಂದ ಹುಡುಗ ಬೀಗದ ಕೈ ಹಿಡಿದು ಪಿಳಿಪಿಳಿ ನೋಡುತ್ತಿರುತ್ತಾನೆ. ನಾನು ಫ್ಯಾನ್ ನೋಡುವ ನಾಟಕ ಮಾಡುತ್ತಿರುತ್ತೇನೆ. ದಿಂಬು ಆದ ಮೇಲೆ ಕಪಾಟು. ಬಾಗಿಲು ತೆಗೆದು ಒಳಗೆ ಮುಖ ಹಾಕುತ್ತಾಳೆ. ಆಮೇಲೆ ಕಿಟಕಿ ತೆಗೆದು ಕೈ ಹೊರಗೆ ಚಾಚುತ್ತಾಳೆ. ಕೊನೆಗೆ ನನ್ನ ಕಡೆ ತಿರುಗಿ ಒಂದೇ ಮಾತು: 'ಮುಗ್ಗಲು' ಅಥವಾ 'ಪರವಾಗಿಲ್ಲ'. 'ಚೆನ್ನಾಗಿದೆ' ಅನ್ನುವ ಮಾತು ಅವಳ ಬಾಯಲ್ಲಿ ಬರುವುದಿಲ್ಲ.

ಅವಳಿಗೆ 68 ವರ್ಷ. ಮಂಡಿ ನೋವು, ಬೀಪಿ, ಶುದ್ಧ ಸಸ್ಯಾಹಾರ. ಬ್ಯಾಗಿನಲ್ಲಿ ಸದಾ ಒಂದು ನೀಲಿ ನೈಲಾನ್ ಹಗ್ಗ, ಬಟ್ಟೆ ಒಣಗಿಸೋಕೆ. 2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಹದಿನೆಂಟು ದಿನ ಶ್ರೀಲಂಕಾ ಸುತ್ತಿದೆವು. ಹೊರಡುವಾಗ ನಾನೇ ಗೈಡು ಅಂದುಕೊಂಡಿದ್ದೆ. ಯಾಕಂದ್ರೆ ಮೊದಲೇ ಒಂದು ಸಲ ಹೋಗಿ ಬಂದವಳು ನಾನು. ಹೋಗಿ ಬಂದು ಎಷ್ಟು ಕಲಿತಿದ್ದೆ ಅನ್ನುವುದು ಬೇರೆ ಮಾತು.

ಆ ಮೊದಲ ಸಲದ ಕಥೆ ಹೇಳಿಬಿಡುತ್ತೇನೆ. ಗೆಳತಿಯ ಜೊತೆ ಜುಲೈನಲ್ಲಿ ನೈಋತ್ಯ ದಡದ ಹಿಕ್ಕಡುವಕ್ಕೆ ಹೋಗಿದ್ದೆ. ಕಡಲಿಗೆ ಎದುರಾಗಿ ರೂಮು, ಅರ್ಧ ಬೆಲೆ. ಎಂಥ ಲಾಟರಿ ಅಂತ ಖುಷಿಯಾಗಿತ್ತು. ಹೋಗಿ ನೋಡಿದರೆ ದಡದಲ್ಲಿ ಕೆಂಪು ಬಾವುಟ. ಪಕ್ಕದ ಎರಡು ಗೆಸ್ಟ್‌ಹೌಸ್‌ಗೆ ಬೀಗ. ಮಳೆ ದಿನವಿಡೀ ಏನೂ ಇರಲಿಲ್ಲ, ಬಂದು ಬಂದು ಹೋಗುತ್ತಿತ್ತು. ಆದರೆ ಕಡಲು ರಾತ್ರಿಯೆಲ್ಲ ಲಾರಿ ಖಾಲಿ ಮಾಡಿದ ಹಾಗೆ ಸದ್ದು ಮಾಡುತ್ತಿತ್ತು. ಉಪ್ಪು ಗಾಳಿಗೆ ಹಾಸಿಗೆ ಅಂಟಂಟು. ಮೂರನೇ ದಿನ ನನ್ನ ಚರ್ಮದ ಬೆಲ್ಟಿನ ಮೇಲೆ ಹಸಿರು ಬೂಷ್ಟು ಬಂದಿತ್ತು. ದಿಂಬು ಮೂಸಿ ನೋಡಬೇಕು ಅಂತ ಆಗ ನನಗೆ ಹೊಳೆದಿರಲಿಲ್ಲ.

ಅದೇ ವಾರ ಪೂರ್ವ ದಡದ ಟ್ರಿಂಕೋಮಲಿಯಲ್ಲಿದ್ದ ಇನ್ನೊಬ್ಬ ಗೆಳತಿ ಫೋಟೊ ಕಳಿಸಿದಳು. ಕಡಲು ಕೆರೆಯ ಹಾಗೆ ಸುಮ್ನೆ ಮಲಗಿತ್ತು. ಅಷ್ಟು ಸಣ್ಣ ದೇಶ, ಎರಡು ದಡಕ್ಕೆ ಎರಡು ಹವಾಮಾನ. ನಡುವೆ ಬೆಟ್ಟ ನಿಂತಿದೆಯಲ್ಲ, ಅದರ ಕೆಲಸ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಪಶ್ಚಿಮ, ದಕ್ಷಿಣದ ಕಡೆ ಹೊಡೆಯುತ್ತದೆ. ಆಗ ಟ್ರಿಂಕೋಮಲಿ, ಪಾಸಿಕುಡ, ಅರುಗಂ ಬೇ ಒಣಗಿರುತ್ತವೆ. ಡಿಸೆಂಬರ್ ಹೊತ್ತಿಗೆ ಉಲ್ಟಾ. ಈಶಾನ್ಯ ಮಾರುತ ಪೂರ್ವಕ್ಕೆ ಬೀಳುತ್ತದೆ, ಗಾಲೆ, ಮಿರಿಸ್ಸ, ಹಿಕ್ಕಡುವದಲ್ಲಿ ಬಿಸಿಲು. ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲಿ ಬೇಕಾದರೂ ಸುರಿಯಬಹುದು. ಅಂದರೆ ರೂಮು ಹುಡುಕುವ ಮುಂಚೆ ದಡ ಹುಡುಕಬೇಕು. ಬೇರೆಯವರ ಅಭಿಪ್ರಾಯ ಓದುವಾಗಲೂ ನಾನು ಈಗ ನಾನು ಹೋಗುವ ತಿಂಗಳಲ್ಲಿ ಬರೆದದ್ದನ್ನು ಮಾತ್ರ ಓದುತ್ತೇನೆ. ಜನವರಿಯಲ್ಲಿ ಸ್ವರ್ಗ ಅಂತ ಬರೆಸಿಕೊಂಡ ರೂಮು ಜೂನ್‌ನಲ್ಲಿ ಬಚ್ಚಲಾಗಿರಬಹುದು.

ಈ ಸಲ ಫೆಬ್ರವರಿ, ಹಾಗಾಗಿ ಕೊನೆಗೆ ದಕ್ಷಿಣದ ದಡ ಅಂತ ಇಟ್ಟುಕೊಂಡೆವು. ವಿಮಾನ ಕಟುನಾಯಕದಲ್ಲಿ ಇಳಿದಾಗ ಮಧ್ಯರಾತ್ರಿ ದಾಟಿತ್ತು. ಕೊಲಂಬೊ ಅಲ್ಲಿಂದ 30 ಕಿಲೋಮೀಟರ್‌ಗಿಂತ ಜಾಸ್ತಿ. ನೆಗೊಂಬೊ ಪಕ್ಕದಲ್ಲೇ. ಮೊದಲ ರಾತ್ರಿಗೆ ನೆಗೊಂಬೊದಲ್ಲಿ ಒಂದು ಸಾಧಾರಣ ರೂಮು ಸಾಕು ಅಂದಿದ್ದೆ, ಆ ಒಂದು ವಿಷಯದಲ್ಲಿ ನಾನು ಹೇಳಿದ್ದೇ ಸರಿಯಾಯಿತು. ಬೆಳಿಗ್ಗೆ ಹೊರಗೆ ಬಂದರೆ ಬೀದಿ ತುಂಬ 'ಹೋಟೆಲ್' ಬೋರ್ಡು. ಒಬ್ಬ ಜರ್ಮನ್ ಹುಡುಗ ಚೀಲ ಹೊತ್ತು ಒಂದರೊಳಗೆ ಹೋಗಿ ರೂಮು ಕೇಳುತ್ತಿದ್ದ. ಅವರು ರೊಟ್ಟಿ ತಟ್ಟುತ್ತಾ ನಗುತ್ತಿದ್ದರು. ಶ್ರೀಲಂಕಾದಲ್ಲಿ ಸಣ್ಣ ಊರಿನ ಹೋಟೆಲ್ ಅಂದರೆ ತಿಂಡಿ ಊಟದ ಜಾಗ, ಕನ್ನಡದಲ್ಲಿ ನಾವು ಹೇಳುತ್ತೇವಲ್ಲ ಹಾಗೇ. 'ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?' ಅಂದಳು ಅಮ್ಮ. ಮಲಗೋಕೆ ಬೇಕಾದರೆ ಗೆಸ್ಟ್‌ಹೌಸ್, ಹೋಂಸ್ಟೇ, ರೆಸ್ಟ್‌ಹೌಸ್ ಅನ್ನುವ ಬೋರ್ಡು ಹುಡುಕಬೇಕು.

ಸಿಗಿರಿಯಾದಲ್ಲಿ ನಾವು ಉಳಿದದ್ದು ಒಂದು ಮನೆಯ ಹಿಂದೆ ಕಟ್ಟಿದ ಎರಡು ರೂಮುಗಳಲ್ಲಿ ಒಂದರಲ್ಲಿ. ಹೆಂಚಿನ ಮಾಡು, ಮುಂದೆ ಜಗಲಿ, ಪಕ್ಕದಲ್ಲಿ ಮಾವಿನ ಮರ. ತಿಂಡಿ ಸೇರಿ ರಾತ್ರಿಗೆ 7,000 ಶ್ರೀಲಂಕಾ ರೂಪಾಯಿ. ಅದೇ ಬೆಲೆಗೆ ಮೇನ್ ರೋಡಿನಲ್ಲಿ ಮೂರನೇ ಮಹಡಿಯ ಹೊಸ ರೂಮೊಂದು ಸಿಗುತ್ತಿತ್ತು, ಆ ಊರಿನ ಹೆಸರಾಂತ ಬಂಡೆ ಕಾಣುವ ಕಿಟಕಿ ಬೇರೆ. ನಾನು ಅದಕ್ಕೇ ಅಂಟಿಕೊಂಡಿದ್ದೆ. ಅಮ್ಮ ಮಧ್ಯಾಹ್ನ ಮೂರು ಗಂಟೆಗೆ ಅದರೊಳಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ದೋಸೆ ಕಾವಲಿ. ಮೇಲೆ ಬರೀ ಕಾಂಕ್ರೀಟ್ ತಾರಸಿ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಒಂದು ಗಂಟೆವರೆಗೂ ಕೆಳಗೆ ಬಿಡುತ್ತಾ ಇರುತ್ತದೆ. ಏಸಿ ಹಾಕಿದರೆ ಆಯಿತು ಅಂದೆ. 'ಕರೆಂಟು ಹೋದ್ರೆ?' ಅಂದಳು. 2022ರಲ್ಲಿ ಆ ದೇಶದಲ್ಲಿ ದಿನಕ್ಕೆ 13 ಗಂಟೆವರೆಗೆ ಕರೆಂಟು ತೆಗೆದದ್ದು ಅವಳಿಗೆ ನೆನಪಿತ್ತು. ನಾವು ಹೋದಾಗ ಆ ಕಷ್ಟ ಇರಲಿಲ್ಲ, ಆದರೂ ವಾದದಲ್ಲಿ ಅವಳೇ ಗೆದ್ದಳು. ಹೆಂಚಿನ ಕೆಳಗೆ ಫ್ಯಾನ್ ಹಾಕಿಕೊಂಡು ಮಲಗಿದವರಿಗೆ ಬೆಳಗಿನ ಜಾವ ಹೊದಿಕೆ ಬೇಕಾಯಿತು.

ಸೊಳ್ಳೆ ಪರದೆಯಲ್ಲಿ ಎರಡು ತೂತಿದ್ದವು. ಅಮ್ಮ ಸೂಜಿ ದಾರ ತೆಗೆದು ಹೊಲಿದಳು. ಆಮೇಲೆ ಹೊರಗೆ ಹೋಗಿ ಅಂಗಳ ಸುತ್ತಿದಳು. ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೇ ಟೈರು, ಎಲ್ಲಾದರೂ ನೀರು ನಿಂತಿದೆಯಾ ಅಂತ. ಇದನ್ನು ನಾನು ಅವಳಿಂದ ಕಲಿತೆ. ಶ್ರೀಲಂಕಾದಲ್ಲಿ ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸರ್ಟಿಫಿಕೇಟ್ ಕೊಟ್ಟಿದೆ. ಡೆಂಗ್ಯೂ ಮಾತ್ರ ಬಿಟ್ಟಿಲ್ಲ. ಅದರ ಸೊಳ್ಳೆ ಕಚ್ಚುವುದು ಹಗಲಲ್ಲಿ, ಪರದೆಯಿಂದ ನಾವು ಹೊರಗೆ ಬಂದು ಟೀ ಕುಡಿಯುವಾಗ. ಹಾಗಾಗಿ ರೂಮಿನಷ್ಟೇ ಅಂಗಳವನ್ನೂ ನೋಡಬೇಕು.

ಆ ಮನೆಯ ಒಡತಿಯನ್ನು ನಾವು ಅಕ್ಕ ಅಂತ ಕರೆದೆವು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ. ಅಮ್ಮ ಅಂದರೆ ಅಮ್ಮನೇ. ತಂಗಿಗೆ ನಂಗಿ. ನಾವು ಸರಿ ಸರಿ ಅಂದರೆ ಅವರು ಹರಿ ಹರಿ ಅನ್ನುತ್ತಾರೆ. ಇಷ್ಟು ಬಂಡವಾಳದಲ್ಲೇ ಅವರಿಬ್ಬರೂ ನಾಲ್ಕು ದಿನ ಹರಟೆ ಹೊಡೆದರು.

ಮೊದಲ ರಾತ್ರಿ ಊಟಕ್ಕೆ ಮುಂಚೆ ಒಂದು ಪ್ರಸಂಗ ನಡೆಯಿತು. ನಾವು ಮೀನು ತಿನ್ನಲ್ಲ ಅಂತ ಹೇಳಿದ್ದೆ. ಅಕ್ಕ ತಲೆಯಾಡಿಸಿ, ಮೀನು ಇಲ್ಲ, ಬೇಳೆ, ಬದನೆ, ಪೊಲ್ ಸಂಬೋಲ ಮಾತ್ರ ಅಂದಳು. ಪೊಲ್ ಅಂದರೆ ತೆಂಗಿನಕಾಯಿ. ತುರಿದ ಕಾಯಿ, ಕೆಂಪು ಮೆಣಸು, ಈರುಳ್ಳಿ, ನಿಂಬೆಹಣ್ಣು. ಹೆಚ್ಚುಕಡಿಮೆ ನಮ್ಮ ಚಟ್ನಿಯ ಅಣ್ಣ. ಅಮ್ಮ ಅಡುಗೆಮನೆಗೆ ಹೋಗಿ ನೋಡುತ್ತಾ ನಿಂತಿದ್ದಳು. ಅಕ್ಕ ಒಂದು ಡಬ್ಬಿಯಿಂದ ಕಂದು ಬಣ್ಣದ ಪುಡಿ ತೆಗೆದಳು. ಏನಿದು ಅಂತ ಅಮ್ಮ ಕೈಸನ್ನೆ ಮಾಡಿದಳು. 'ಉಂಬಲಕಡ' ಅಂದಳು ಅಕ್ಕ.

ಅಮ್ಮ ಎರಡು ಹೆಜ್ಜೆ ಹಿಂದೆ ಬಂದಳು. 'ಏ, ಇವರು ಉಂಬಳ ಒಣಗಿಸಿ ತಿಂತಾರಂತೆ ಕಣೇ!'

ಉಂಬಳ ಅಂದರೆ ನಮ್ಮಲ್ಲಿ ಜಿಗಣೆ. ಉಂಬಳ ಅಲ್ಲಮ್ಮ, ಮೀನು ಅಂತ ನಾನು ಬಿಡಿಸಿ ಹೇಳುವ ಹೊತ್ತಿಗೆ ಅವಳ ಮುಖ ಸುಣ್ಣವಾಗಿತ್ತು. ಉಂಬಲಕಡ ಅಂದರೆ ಬೇಯಿಸಿ, ಹೊಗೆ ಹಾಕಿ, ಕಲ್ಲಿನ ಹಾಗೆ ಒಣಗಿಸಿದ ಮಾಲ್ಡೀವ್ಸ್ ಮೀನು. ಅಲ್ಲಿ ಪಲ್ಯ, ಸಂಬೋಲ ಎಲ್ಲದಕ್ಕೂ ಅದನ್ನು ಚೂರು ಉದುರಿಸುತ್ತಾರೆ. ಅದು ಅವರ ಲೆಕ್ಕದಲ್ಲಿ ಮೀನೇ ಅಲ್ಲ, ಮಸಾಲೆ. ಮೀನು ಬೇಡ ಅಂದರೆ ಸಾಲದು, ಉಂಬಲಕಡ ಬೇಡ ಅಂತ ಹೆಸರು ಹಿಡಿದು ಹೇಳಬೇಕು. ಇದನ್ನು ಹೇಳೋಕೆ ಅಡುಗೆ ಮಾಡುವವರು ಕಣ್ಣೆದುರು ಇರಬೇಕಲ್ವಾ? ನಾವು ಹೋಂಸ್ಟೇ ಹುಡುಕುವುದಕ್ಕೆ ಇದೇ ದೊಡ್ಡ ಕಾರಣವಾಯಿತು. ಮಾರನೇ ದಿನದಿಂದ ಅಮ್ಮನೇ ಕಾಯಿ ತುರಿದಳು. ಅಕ್ಕನಿಗೆ ಒಗ್ಗರಣೆ ಹಾಕುವುದನ್ನೂ ತೋರಿಸಿದಳು. ಮನೆಯವರೆಲ್ಲ ಅದರ ಮೇಲೆ ಉಂಬಲಕಡ ಉದುರಿಸಿಕೊಂಡು ತಿಂದರು.

ಅಲ್ಲಿ ಇನ್ನೊಂದು ಕಟ್ಟುನಿಟ್ಟು: ಕತ್ತಲಾದ ಮೇಲೆ ನಡೆದು ಹೋಗುವ ಹಾಗಿಲ್ಲ. ಹಬರಣ, ಸಿಗಿರಿಯಾ ಕಡೆ ರಾತ್ರಿ ಆನೆ ರಸ್ತೆಗೆ ಬರುತ್ತವೆ. ಭೂಮಧ್ಯರೇಖೆಗೆ ಅಷ್ಟು ಹತ್ತಿರದ ದೇಶದಲ್ಲಿ ಸಂಜೆ ಅನ್ನುವುದು ಉದ್ದ ಇರುವುದಿಲ್ಲ. ವರ್ಷವಿಡೀ ಆರು, ಆರೂವರೆಗೆ ಸೂರ್ಯ ಮುಳುಗುತ್ತಾನೆ, ನೋಡನೋಡುತ್ತಾ ಕತ್ತಲು. ಊಟಕ್ಕೆ ಎರಡು ಕಿಲೋಮೀಟರ್ ಹೋಗಬೇಕಾದ ಕಡೆ ರೂಮು ಮಾಡಿದರೆ ಪ್ರತಿ ರಾತ್ರಿ ತ್ರೀವೀಲ್, ಅಂದರೆ ಅಲ್ಲಿನ ಆಟೊ, ಹುಡುಕುವ ಕೆಲಸ. ಇನ್ನು ಕೋತಿ. ಜಗಲಿಯಲ್ಲಿ ಇಟ್ಟಿದ್ದ, ವಾರದ ದಿನಕ್ಕೊಂದು ಖಾನೆಯ ಅಮ್ಮನ ಮಾತ್ರೆ ಡಬ್ಬಿಯನ್ನು ಒಂದು ಕೆಂಪು ಮೂತಿಯ ಕೋತಿ ಎತ್ತಿಕೊಂಡು ಹೋಗಿ ಹೆಂಚಿನ ಮೇಲೆ ಕೂತು ತೆಗೆದು, ಬೀಪಿ ಮಾತ್ರೆಗಳನ್ನು ಒಂದೊಂದೇ ಕೆಳಗೆ ಎಸೆಯಿತು. ಸೋಮವಾರದಿಂದ ಶುಕ್ರವಾರದವರೆಗೆ ವಾಪಸ್ ಸಿಕ್ಕಿತು. ಶನಿವಾರ, ಭಾನುವಾರ ಸಿಗಲಿಲ್ಲ.

ಕ್ಯಾಂಡಿಯಲ್ಲಿ ನಾನು ಹಠ ಹಿಡಿದು 'ಲೇಕ್ ವ್ಯೂ' ರೂಮು ಮಾಡಿದೆ. ಆ ಕೆರೆಯನ್ನು ಕ್ಯಾಂಡಿಯ ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ 1807ರಲ್ಲಿ ಕಟ್ಟಿಸಿದ್ದು. ದಡದಲ್ಲಿ ಬುದ್ಧನ ಹಲ್ಲು ಇಟ್ಟಿರುವ ದಂತ ದೇವಸ್ಥಾನ, ಸುತ್ತ ಗುಡ್ಡ. ಗುಡ್ಡದ ಮೇಲೆ ಹೋಗದೆ ಕೆರೆ ಪೂರ್ತಿ ಹೇಗೆ ಕಾಣುತ್ತದೆ ಅಂತ ಬುಕ್ ಮಾಡುವಾಗ ಯೋಚನೆ ಮಾಡಬೇಕಿತ್ತು. ತ್ರೀವೀಲ್ ನಮ್ಮನ್ನು ಒಂದು ಗೇಟಿನ ಮುಂದೆ ಇಳಿಸಿತು. ಗೇಟಿನಿಂದ ಮೇಲಕ್ಕೆ ಮೆಟ್ಟಿಲು. ಅಮ್ಮ ಒಂದೊಂದೇ ಹತ್ತುತ್ತಾ ಗಟ್ಟಿಯಾಗಿ ಎಣಿಸಿದಳು. ಐವತ್ತಕ್ಕೆ ಒಂದು ಸಲ ಕೂತಳು. ತೊಂಬತ್ನಾಲ್ಕಕ್ಕೆ ರೂಮು ಬಂತು. ದಿಂಬು ಮೂಸಲೂ ಇಲ್ಲ, ಸುಮ್ನೆ ಕುರ್ಚಿಯಲ್ಲಿ ಕೂತು, 'ಕೆರೆ ಚೆನ್ನಾಗಿದೆ. ನಾನು ಇನ್ನು ಕೆಳಗೆ ಇಳಿಯಲ್ಲ. ಆ ದಂತ ದೇವಸ್ಥಾನವನ್ನೇ ಇಲ್ಲಿಗೆ ಬರೋಕೆ ಹೇಳು' ಅಂದಳು. ಮಾರನೇ ದಿನ ಕೆರೆಯ ಹತ್ತಿರ ಕೆಳಗಿನ ರಸ್ತೆಗೆ ಬಂದೆವು. ಒಂದು ರಾತ್ರಿಯ ದುಡ್ಡು ಹೋಯಿತು. ವ್ಯೂ ಅಂತ ಕಂಡ ಕಡೆಯೆಲ್ಲ ಈಗ ನಾನು ಮೆಟ್ಟಿಲು ಅಂತ ಓದಿಕೊಳ್ಳುತ್ತೇನೆ. ಬುಕ್ ಮಾಡುವ ಮುಂಚೆ ವಾಟ್ಸಾಪಿನಲ್ಲಿ ಒಂದೇ ಪ್ರಶ್ನೆ: ಗೇಟಿನಿಂದ ಮಂಚಕ್ಕೆ ಎಷ್ಟು ಮೆಟ್ಟಿಲು?

ಜುಲೈ, ಆಗಸ್ಟ್‌ನಲ್ಲಿ ಎಸಳ ಪೆರಹರ ಮೆರವಣಿಗೆ ಬಂದರೆ ಕ್ಯಾಂಡಿಯ ರೂಮು ಬೆಲೆ ಕೈಗೆ ಸಿಗುವುದಿಲ್ಲ. ಅದನ್ನು ನೋಡಲೇಬೇಕು ಅನ್ನುವವರು ಬಹಳ ಮೊದಲೇ ಹಿಡಿಯಬೇಕು. ಸಣ್ಣ ಪ್ರಮಾಣದಲ್ಲಿ ಇದೇ ತಾಪತ್ರಯ ಪ್ರತಿ ಹುಣ್ಣಿಮೆಗೂ ಇದೆ. ಅಲ್ಲಿ ಪ್ರತಿ ಹುಣ್ಣಿಮೆ ಪೋಯ, ಸರ್ಕಾರಿ ರಜೆ. ಮದ್ಯ ಮಾರುವಂತಿಲ್ಲ, ನಮಗೆ ಅದರಿಂದ ನಷ್ಟವಿಲ್ಲ. ಆದರೆ ಆ ರಜೆ ಶುಕ್ರವಾರ ಅಥವಾ ಸೋಮವಾರ ಬಿದ್ದರೆ ಊರಿಗೆ ಊರೇ ಬೆಟ್ಟದ ಕಡೆ ಹೊರಡುತ್ತದೆ. ನಮ್ಮ ಫೆಬ್ರವರಿ ಹುಣ್ಣಿಮೆ ಶುಕ್ರವಾರವೇ ಬಂತು. ರೂಮು ಕೇಳಿ ಕೇಳಿ ಸಾಕಾಯಿತು. ಶ್ರೀಲಂಕಾಕ್ಕೆ ಹೊರಡುವವರು ವಿಮಾನದ ಟಿಕೆಟ್ಟಿಗೆ ಮುಂಚೆ ಪಂಚಾಂಗ ನೋಡಿ. ನಾನು ತಮಾಷೆ ಮಾಡ್ತಿಲ್ಲ.

ನುವರ ಎಲಿಯದಲ್ಲಿ ಇಬ್ಬರೂ ಸೋತೆವು. ಉಷ್ಣವಲಯದ ದೇಶ, ಕಾಟನ್ ಸೀರೆ ಸಾಕು ಅಂತ ಅಮ್ಮ ಸ್ವೆಟರ್ ತಂದಿರಲಿಲ್ಲ. ನಾನೂ ನೆನಪಿಸಿರಲಿಲ್ಲ. ಆ ಊರು ಇರುವುದು 1,868 ಮೀಟರ್ ಎತ್ತರದಲ್ಲಿ. ಜನವರಿ, ಫೆಬ್ರವರಿಯ ಕೆಲವು ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವುದೂ ಉಂಟು. ಬ್ರಿಟಿಷರ ಕಾಲದ ಬಂಗಲೆ, ಎತ್ತರದ ಚಾವಣಿ, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು. ಫೋಟೊದಲ್ಲಿ ರಾಜವೈಭವ. ಅಮ್ಮ ಒಳಗೆ ಕಾಲಿಟ್ಟವಳೇ ಬಗ್ಗಿ ಕಾರ್ಪೆಟ್ ಮುಟ್ಟಿ ನೋಡಿದಳು. ತಣ್ಣಗೆ, ಒದ್ದೆ. 'ಮುಗ್ಗಲು.' ಕತ್ತಲಾಗುತ್ತಿತ್ತು, ಬೇರೆ ದಾರಿ ಇರಲಿಲ್ಲ. ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳೋಕೆ ರಬ್ಬರಿನ ಬಿಸಿನೀರಿನ ಚೀಲ ಕೊಟ್ಟರು. ಅದನ್ನು ತಬ್ಬಿಕೊಂಡು ಅವಳು ನಿದ್ದೆ ಮಾಡಿದಳು, ನಾನು ಹಲ್ಲು ಕಡಿಯುತ್ತಾ ಮಲಗಿದೆ. ಕರಾವಳಿಯಲ್ಲಿ ಕೇಳಬೇಕಾದದ್ದು ಗಾಳಿ, ಇಲ್ಲಿ ಕೇಳಬೇಕಾದದ್ದು ಗೀಸರು, ಇನ್ನೊಂದು ಕಂಬಳಿ. ಏಪ್ರಿಲ್‌ನಲ್ಲಿ ಅವರ ಹೊಸ ವರ್ಷಕ್ಕೆ ಅಲ್ಲಿ ಜಾತ್ರೆ, ಆಗ ಆ ಕಡೆ ತಲೆ ಹಾಕಬೇಡಿ.

ಮುಂದಿನ ಊರು ಎಲ್ಲ. ಊರಿನ ಹೆಸರೇ ಎಲ್ಲ. 'ಎಲ್ಲಕ್ಕೆ ಹೋಗೋಣ' ಅಂದರೆ ಅಮ್ಮ 'ಎಲ್ಲದಕ್ಕೂ ಹೋಗೋಕೆ ಮಂಡಿ ಎಲ್ಲಿದೆ?' ಅಂದಳು. 'ನಾನು ಓಯ' ಅನ್ನುವ ಸ್ಟೇಷನ್ನಿನಿಂದ ರೈಲು, ಟೀ ತೋಟ, ಮಂಜು, 1921ರಲ್ಲಿ ಮುಗಿಸಿದ ಒಂಬತ್ತು ಕಮಾನಿನ ಸೇತುವೆ. ಎಲ್ಲರೂ ಬರೆಯುತ್ತಾರೆ, ನಾನು ಬಿಡುತ್ತೇನೆ. ರೂಮಿನ ಬಗ್ಗೆ ಒಂದೇ ಮಾತು: ಮೇನ್ ರೋಡಿನಲ್ಲಿ ರಾತ್ರಿ ಹಾಡು, ಕುಣಿತ. ನಿದ್ದೆ ಬೇಕಾದವರು ಹತ್ತು ನಿಮಿಷ ದೂರ ಇರಲಿ.

ದೂರ ಅಂದಾಗ ನೆನಪಾಯಿತು. ಅಲ್ಲಿನ ಬೆಟ್ಟದ ರಸ್ತೆಯಲ್ಲಿ ಕಿಲೋಮೀಟರ್ ಲೆಕ್ಕ ನಂಬಬೇಡಿ. ನಾವು ಹೋದಾಗ ಕ್ಯಾಂಡಿಯಿಂದ ಎಲ್ಲಕ್ಕೆ ರೈಲಿನಲ್ಲಿ ಆರು ಏಳು ಗಂಟೆ ಹಿಡಿಯುತ್ತಿತ್ತು. ನಾನು ಮೊದಲು ಹಾಕಿದ್ದ ಪ್ಲಾನಿನಲ್ಲಿ ಹದಿನೆಂಟು ರಾತ್ರಿಗೆ ಹನ್ನೊಂದು ಊರು ಇದ್ದವು. ಅಮ್ಮ ಅದನ್ನು ನೋಡಿ, 'ಇದರಲ್ಲಿ ಬಟ್ಟೆ ಒಣಗೋದು ಯಾವತ್ತು?' ಅಂದಳು. ನಗಬೇಡಿ. ಆ ಸೆಕೆಯಲ್ಲಿ ಒಗೆದ ಬಟ್ಟೆ ಒಣಗೋಕೆ ಒಂದು ಪೂರ್ತಿ ಹಗಲು ಬೇಕು. ಪ್ರತಿದಿನ ಊರು ಬದಲಿಸುವವರ ಚೀಲದಲ್ಲಿ ಒದ್ದೆ ಬಟ್ಟೆಯೇ ಇರುತ್ತದೆ. ಕೊನೆಗೆ ಎಂಟು ಊರಾಯಿತು.

ತಿಸ್ಸಮಹಾರಾಮದಲ್ಲಿ ಕೆರೆ ಪಕ್ಕ ಎರಡು ರಾತ್ರಿ. ಯಾಲ ಕಾಡಿಗೆ ಹೋಗುವ ಜೀಪು ಬೆಳಗ್ಗೆ ಐದರೊಳಗೆ ಹೊರಡುತ್ತದೆ. ನಾನು ಹೋದೆ, ಅಮ್ಮ ಜಗಲಿಯಲ್ಲೇ ಉಳಿದಳು. ನನಗೆ ಚಿರತೆಯ ಬಾಲ ಕಂಡಿತು. ಅವಳಿಗೆ ಕೊಕ್ಕರೆ, ನೀರುಕಾಗೆ, ಒಂದು ಉಡ.

ಗಾಲೆ ಕೋಟೆಯೊಳಗಿನ ಮನೆ ಅವಳಿಗೆ ಇಷ್ಟವಾಯಿತು. ಪೋರ್ಚುಗೀಸರು ಶುರು ಮಾಡಿ ಡಚ್ಚರು ಗಟ್ಟಿ ಮಾಡಿದ ಕೋಟೆ ಅದು. ನಮ್ಮ ರೂಮಿಗೆ ಬೀದಿ ಕಡೆ ಕಿಟಕಿಯೇ ಇರಲಿಲ್ಲ. ಫೋಟೊದಲ್ಲಿ ನೋಡಿ ನಾನು ಗುಹೆ ಅಂದುಕೊಂಡಿದ್ದೆ. ಒಳಗೆ ಹೋದರೆ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬದ ಪಡಸಾಲೆ, ಮೊಳ ದಪ್ಪದ ಗೋಡೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಬರಿಗಾಲಿಗೆ ತಣ್ಣನೆಯ ನೆಲ. ಅದೇ ದುಡ್ಡಿಗೆ ಉನವಟುನದಲ್ಲಿ ಕಡಲಿಗೆ ಅಂಟಿಕೊಂಡ ರೂಮು ಸಿಗುತ್ತಿತ್ತು. ಮನೆಯ ಯಜಮಾನ ಕೋಟೆಯ ಗೋಡೆ ತೋರಿಸಿ, 2004ರ ಡಿಸೆಂಬರ್ 26ರಂದು ಹೊರಗಿನ ಊರು ಕೊಚ್ಚಿ ಹೋದರೂ ಒಳಗಿನವರು ಬದುಕಿಕೊಂಡದ್ದು ಇದರಿಂದ ಅಂದರು. ಆ ದೇಶದಲ್ಲಿ ಆ ಅಲೆಗೆ 30,000ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ದಡದಲ್ಲಿ ನಡೆಯುವಾಗಲೆಲ್ಲ ಸುನಾಮಿ ಬಂದರೆ ಓಡುವ ದಾರಿ ತೋರಿಸುವ ಬೋರ್ಡುಗಳು ನನ್ನ ಕಣ್ಣಿಗೆ ಬೀಳತೊಡಗಿದವು. ಹಿಕ್ಕಡುವದಲ್ಲಿ ಮೊದಲ ಸಲ ಇದ್ದಾಗ ಒಂದನ್ನೂ ನೋಡಿದ ನೆನಪಿಲ್ಲ.

ಕೊನೆಯ ರಾತ್ರಿ ಕೊಲಂಬೊ. ಇಷ್ಟು ದಿನ ಕಷ್ಟಪಟ್ಟಿದ್ದಾಳೆ, ಒಂದು ರಾತ್ರಿ ದೊಡ್ಡ ಹೋಟೆಲ್‌ನಲ್ಲಿ ಇರಲಿ ಅಂತ ಅಮ್ಮನಿಗೆ ಹೇಳದೆ ಬುಕ್ ಮಾಡಿದ್ದೆ. 15,000 ರೂಪಾಯಿ ಪ್ಲಸ್ ಪ್ಲಸ್ ಅಂದಿದ್ದರು. ಆ ಪ್ಲಸ್ ಪ್ಲಸ್ ಏನು ಅಂತ ನಾನು ಕೇಳಿರಲಿಲ್ಲ. 10% ಸರ್ವಿಸ್ ಚಾರ್ಜ್, ಅದರ ಮೇಲೆ 18% ವ್ಯಾಟ್, ಇನ್ನೊಂದಿಷ್ಟು ಸಣ್ಣಪುಟ್ಟ ತೆರಿಗೆ. ಬಿಲ್ಲು 20,000 ಮುಟ್ಟಿತು. ರೂಮು ಹನ್ನೊಂದನೇ ಮಹಡಿ. ಲಿಫ್ಟ್ ಇತ್ತು, ಒಂದು ಮೆಟ್ಟಿಲೂ ಇಲ್ಲ. ಅಮ್ಮ ದಿಂಬು ಮೂಸಿದಳು. ಇನ್ನೊಮ್ಮೆ ಮೂಸಿದಳು.

'ಏನೂ ವಾಸನೆನೇ ಇಲ್ವಲ್ಲೇ' ಅಂದಳು, ದೂರು ಕೊಡುವ ಹಾಗೆ. ಕಿಟಕಿ ತೆಗೆಯೋಕೆ ಹೋದಳು. ಇಡೀ ಗೋಡೆಯೇ ಗಾಜು, ತೆಗೆಯೋಕೆ ಬರುವುದಿಲ್ಲ. ಕೆಳಗೆ ಕಡಲ ಪಕ್ಕದ ಹಳಿಯಲ್ಲಿ ರೈಲು ಹೋಗುತ್ತಿತ್ತು, ಸದ್ದೇ ಕೇಳಿಸಲಿಲ್ಲ. ಬ್ಯಾಗಿನಿಂದ ಒದ್ದೆ ಟವೆಲ್ ತೆಗೆದು ಹಗ್ಗಕ್ಕೆ ಕೈ ಹಾಕಿದಾಗ ಗೊತ್ತಾಯಿತು, ಹಗ್ಗ ಇಲ್ಲ. ಸಿಗಿರಿಯಾದಲ್ಲಿ ಮಾವಿನ ಮರಕ್ಕೆ ಕಟ್ಟಿದ್ದು ಅಲ್ಲೇ ಉಳಿದಿರಬೇಕು. ಅಲ್ಲಿಂದ ಈಚೆಗೆ ಎಲ್ಲ ಕಡೆ ಅವರವರ ಹಗ್ಗವೇ ಸಿಕ್ಕಿದ್ದರಿಂದ ಅವಳು ನೋಡಿಕೊಂಡಿರಲಿಲ್ಲ. ಟವೆಲನ್ನು ಕುರ್ಚಿಯ ಬೆನ್ನಿಗೆ ಹಾಕಿ, ಏಸಿಯ ಗಾಳಿಗೆ ತಿರುಗಿಸಿಟ್ಟಳು.

ನಾವು ವಾಪಸ್ ಬಂದು ಮೂರು ವಾರಕ್ಕೆ ಅಕ್ಕ ಒಂದು ಫೋಟೊ ಕಳಿಸಿದಳು. ಮಾವಿನ ಮರದಿಂದ ಜಗಲಿಯ ಕಂಬಕ್ಕೆ ನೀಲಿ ಹಗ್ಗ. ಅದರ ಮೇಲೆ ಅವಳ ಮಕ್ಕಳ ಶಾಲೆಯ ಬಿಳಿ ಬಟ್ಟೆ ಸಾಲಾಗಿ ಒಣಗುತ್ತಿದ್ದವು. ಕೆಳಗೆ ಒಂದು ವಾಯ್ಸ್ ಮೆಸೇಜ್, ಪೂರ್ತಿ ಸಿಂಹಳದಲ್ಲಿ. ಅಮ್ಮ ಅದನ್ನು ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಅಪ್ಪಟ ಕನ್ನಡದಲ್ಲಿ, 'ಇರಲಿ ಬಿಡಮ್ಮ, ನೀನೇ ಇಟ್ಕೋ. ಮಳೆ ಬರೋ ಮುಂಚೆ ಬಟ್ಟೆ ಒಳಗೆ ತಗೋ' ಅಂದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. 'ಹರಿ ಹರಿ, ಅಮ್ಮ.'